ಹನ್ನೊಂದು ಕೊಯಿ, ಐದು ದಿನ

ಬುಧವಾರ ಬೆಳಿಗ್ಗೆ ಫೋನು ಬಂದಾಗ ನಾನು ತುಮಕೂರಿನ ಸತ್ಯಮಂಗಲದಲ್ಲಿ ಒಂದು ಕಾರ್ಖಾನೆಯ ಮುಂದಿನ ಕಾರಂಜಿ ತೊಟ್ಟಿಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಪಂಪಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕವರು ಕೀಳುತ್ತಿದ್ದೆ. ಫೋನು ಮಾಡಿದವರು ವಕೀಲರು. ಅವರ ತೋಟದ ಕೊಳದಲ್ಲಿ ಒಂದು ಮೀನು ಸತ್ತು ತೇಲುತ್ತಿದೆಯಂತೆ, ಉಳಿದವು ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆಯಂತೆ, ತಕ್ಷಣ ಹೋಗಿ ನೋಡಬೇಕಂತೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರೇ ಎರಡನೇ ಸಲ ಫೋನು ಮಾಡಿ ಹೊರಟಿರಾ ಎಂದು ಕೇಳಿದರು.

ವಕೀಲರ ಮನೆ ತುಮಕೂರಿನಲ್ಲಿ. ಗುಬ್ಬಿಯಿಂದ ಕಡಬದ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ತೆಂಗಿನ ತೋಟ, ತೋಟದೊಳಗೆ ಒಂದು ಮನೆ. ಭಾನುವಾರಗಳಲ್ಲಿ ಸಂಸಾರ ಸಮೇತ ಅಲ್ಲಿಗೆ ಬರುತ್ತಾರೆ. ಮನೆಯ ಹಿತ್ತಲಲ್ಲಿ ಹದಿನಾಲ್ಕು ಸಾವಿರ ಲೀಟರ್ ನೀರು ಹಿಡಿಯುವ ಕೊಳ ಕಟ್ಟಿಸಿ ಹನ್ನೊಂದು ಕೊಯಿ ಮೀನು ಬಿಟ್ಟಿದ್ದರು. ಕೊಯಿ ಎಂದರೆ ನಮ್ಮ ಕೆರೆಗಳ ಗೆಂಡೆಯ ನೆಂಟ. ಬಣ್ಣ ಬಂದದ್ದೇ ತಡ, ಅದಕ್ಕೆ ಗತ್ತು ಬಂದಿದೆ. ಆ ಕೊಳ ಕಟ್ಟಿದವನು ನಾನು, ಪೈಪು ಎಳೆದವನು ನಾನು, ತಿಂಗಳಿಗೆ ಎರಡು ಸಲ ಹೋಗಿ ಫಿಲ್ಟರ್ ನೋಡಿಕೊಳ್ಳುತ್ತಿದ್ದವನೂ ನಾನೇ. ಹಾಗಾಗಿ ಅಲ್ಲಿ ಏನಾದರೂ ಕೆಟ್ಟರೆ ಯಾರನ್ನು ಕೇಳಬೇಕು ಎಂಬುದರಲ್ಲಿ ಅನುಮಾನವೇ ಇರಬಾರದಿತ್ತು. ಆದರೆ ನಾನು ಬೇರೆಯವರನ್ನು ಕೇಳಿದೆ.

ಹೋಗಿ ನೋಡಿದರೆ ಪರಿಸ್ಥಿತಿ ಫೋನಿನಲ್ಲಿ ಕೇಳಿದ್ದಕ್ಕಿಂತ ಕೆಟ್ಟದಾಗಿತ್ತು. ಹತ್ತು ಮೀನುಗಳೂ ನೀರು ಬೀಳುವ ಜಾಗದಲ್ಲಿ ಒತ್ತೊತ್ತಾಗಿ ನಿಂತಿದ್ದವು. ರೆಕ್ಕೆಗಳು ಮೈಗೆ ಅಂಟಿದ್ದವು. ಬಿಳಿ ಮೀನುಗಳ ಹೊಟ್ಟೆಯ ಮೇಲೆ ಕೆಂಪು ಗೆರೆ ಕಾಣುತ್ತಿತ್ತು. ಕಿವಿರು ಬಡಿದುಕೊಳ್ಳುವ ವೇಗ ನೋಡಿದರೆ ನಮಗೇ ಉಸಿರು ಕಟ್ಟುತ್ತದೆ. ಮೇ ತಿಂಗಳು, ಇನ್ನೂ ಮಳೆ ಹಿಡಿದಿರಲಿಲ್ಲ. ಕೈ ಅದ್ದಿದರೆ ನೀರು ಸ್ನಾನಕ್ಕೆ ಕಾಯಿಸಿಟ್ಟಂತಿತ್ತು.

ಒಂದು ಮೀನನ್ನು ಹಿಡಿದು ಮೈಮೇಲಿನ ಲೋಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹುಳು ಇರಲಿಲ್ಲ. ಆಮೇಲೆ ನೀರಿನ ಪರೀಕ್ಷೆ. ಸಣ್ಣ ಗಾಜಿನ ನಳಿಗೆಗೆ ಕೊಳದ ನೀರು ತುಂಬಿ ಎರಡು ಬಾಟಲಿಯಿಂದ ಹನಿ ಹಾಕಿ ಐದು ನಿಮಿಷ ಕಾದರೆ ಬಣ್ಣ ಬರುತ್ತದೆ. ಹಳದಿ ಬಂದರೆ ಅಮೋನಿಯಾ ಇಲ್ಲ, ಹಸಿರು ಬಂದರೆ ಇದೆ. ಹಸಿರು ಹೆಚ್ಚಿದಷ್ಟೂ ವಿಷ ಹೆಚ್ಚು. ನನಗೆ ಬಂದದ್ದು ಹುಣಸೆ ಎಲೆಯ ಹಸಿರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕ್ಷಾರ ಹೆಚ್ಚು. ಅಂಥ ನೀರಿನಲ್ಲಿ ಸ್ವಲ್ಪ ಅಮೋನಿಯಾ ಕೂಡ ಮೀನಿನ ಕಿವಿರನ್ನು ಸುಡುತ್ತದೆ.

ಅಮೋನಿಯಾ ಎಲ್ಲಿಂದ ಬರುತ್ತದೆ? ಮೀನಿನ ಕಿವಿರು ಮತ್ತು ಹೇಲಿನಿಂದ, ತಿನ್ನದೆ ಕೊಳೆತ ತಿಂಡಿಯಿಂದ. ಫಿಲ್ಟರಿನ ಸ್ಪಂಜಿನಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಅರಗಿಸುತ್ತದೆ. ಫಿಲ್ಟರಿನ ಮೂರು ಡ್ರಮ್ಮುಗಳೂ ಸರಿಯಾಗಿ ಓಡುತ್ತಿದ್ದವು. ಹಾಗಾದರೆ ಉಳಿದದ್ದು ತಿಂಡಿ. ತಿಂಡಿ ಹಾಕುತ್ತಿದ್ದದ್ದು ತೋಟದ ಮನೆ ನೋಡಿಕೊಳ್ಳುವ ಹೆಂಗಸು.

ಆಕೆಗೆ ಐವತ್ತರ ಆಸುಪಾಸು. ಪಕ್ಕದ ಊರಿನವರು. ಬೆಳಿಗ್ಗೆ ಬಂದು ಗುಡಿಸಿ ಸಾರಿಸಿ, ಮೀನಿಗೆ ತಿಂಡಿ ಹಾಕಿ, ಸಂಜೆ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಅಣ್ಣ ಎನ್ನುತ್ತಾರೆ, ವಯಸ್ಸಿನ ಲೆಕ್ಕ ಇಬ್ಬರೂ ಹಿಡಿಯುವುದಿಲ್ಲ. ಎಷ್ಟು ಹಾಕಿದಿರಿ ಎಂದು ಕೇಳಿದೆ. ಒಂದು ಹಿಡಿ ಎಂದರು. ಬರೀ ಅದೇನಾ ಎಂದೆ. ಭಾನುವಾರ ಎರಡು ಚೂರು ಮುದ್ದೆ ಹಾಕಿದ್ದು ನಿಜ ಎಂದು ಒಪ್ಪಿಕೊಂಡರು. ತಟ್ಟೆ ತೊಳೆಯಲು ಬಂದಾಗ ಮೀನು ದಡಕ್ಕೆ ಬಂದು ಬಾಯಿ ತೆರೆದವಂತೆ, ನೋಡಿಕೊಂಡು ಹೇಗೆ ಹೋಗುವುದು ಎಂದು ಹಾಕಿದರಂತೆ.

ನನಗೆ ಅಷ್ಟೇ ಸಾಕಾಯಿತು. ಈ ಕೆಲಸದಲ್ಲಿ ಹತ್ತರಲ್ಲಿ ಎಂಟು ಕೊಳ ಹಾಳಾಗುವುದು ಪ್ರೀತಿಯಿಂದ ಹೆಚ್ಚು ತಿಂಡಿ ಹಾಕುವುದರಿಂದ. ಹೇಳಿ ಹೇಳಿ ಬಾಯಿ ನೋವು ಬಂದ ವಿಷಯವದು. ಸಿಟ್ಟಿನಲ್ಲಿ, ಇನ್ನು ಮೇಲೆ ನೀವು ಕೊಳದ ಹತ್ತಿರ ಬರಬೇಡಿ ಅಕ್ಕ ಎಂದೆ. ವಕೀಲರಿಗೆ ವಾಟ್ಸಾಪ್ ಮಾಡಿದೆ. ಓವರ್ ಫೀಡಿಂಗ್, ರಾಗಿ ಮುದ್ದೆ ಹಾಕಿದ್ದಾರೆ, ನಾನು ಸರಿ ಮಾಡುತ್ತೇನೆ ಎಂದು. ಆ ಮೆಸೇಜು ಕಳಿಸಿದಾಗ ನನಗೆ ಒಂದು ಬಗೆಯ ನೆಮ್ಮದಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅಂದು ತಿಂಡಿ ಪೂರ್ತಿ ನಿಲ್ಲಿಸಿದೆ. ಕಾಲು ಭಾಗ ನೀರು ತೆಗೆದು ಹೊಸ ನೀರು ಬಿಟ್ಟೆ. ಬಿಡುವ ಮುಂಚೆ ಕೊಳದ ಪಕ್ಕದ ನಲ್ಲಿಯ ನೀರನ್ನೂ ಪರೀಕ್ಷೆ ಮಾಡಿದೆ. ಹಳದಿ, ಅಚ್ಚ ಹಳದಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಮೂರು ದಿನ ನಾನು ಆ ಹಳದಿಯನ್ನು ನಂಬಿಕೊಂಡೇ ಇದ್ದೆ. ಕಿವಿರಿಗೆ ಆರಾಮಾಗಲಿ ಎಂದು ಉಪ್ಪು ಕರಗಿಸಿ ಸುರಿದೆ. ಇನ್ನೊಂದು ಗಾಳಿ ಪಂಪು ಹಾಕಿ ಮಧ್ಯಾಹ್ನ ಹೊರಟೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಪರೀಕ್ಷೆ ಮಾಡಿದರೆ ಹಸಿರು ಇನ್ನೂ ಗಾಢವಾಗಿತ್ತು. ನಂಬಿಕೆ ಬಾರದೆ ಇನ್ನೊಂದು ಕಿಟ್ಟಿನಲ್ಲಿ ನೋಡಿದೆ, ಅದೂ ಹಾಗೆಯೇ ಹೇಳಿತು. ಉಪವಾಸವಿರುವ ಮೀನುಗಳು, ಕಾಲು ಭಾಗ ಹೊಸ ನೀರು, ಆದರೂ ಅಮೋನಿಯಾ ಏರಿತ್ತು. ವ್ಯಾನಿನಲ್ಲಿ ಅಮೋನಿಯಾ ಹೀರುವ ಜಿಯೋಲೈಟ್ ಕಲ್ಲಿನ ಚೀಲ ಇತ್ತು. ಅದನ್ನು ಇಳಿಸಿ ಬಾಯಿ ಬಿಚ್ಚಿದ ಮೇಲೆ ನೆನಪಾಯಿತು, ಉಪ್ಪು ನೀರಿನಲ್ಲಿ ಆ ಕಲ್ಲು ಹೀರುವುದಿಲ್ಲ, ಹೀರಿದ್ದನ್ನೂ ಕಕ್ಕುತ್ತದೆ. ನನ್ನ ಉಪ್ಪೇ ನನ್ನ ಕಲ್ಲಿಗೆ ಅಡ್ಡ ಬಂದಿತ್ತು. ಚೀಲವನ್ನು ಮತ್ತೆ ಕಟ್ಟಿ ವ್ಯಾನಿಗೆ ಹಾಕಿದೆ.

ಫಿಲ್ಟರಿನ ಬ್ಯಾಕ್ಟೀರಿಯಾ ಬಿಸಿಲಿಗೆ ಸತ್ತಿರಬೇಕು ಎಂದು ಲೆಕ್ಕ ಹಾಕಿದೆ. ಕುಣಿಗಲ್ಲಿನಲ್ಲಿ ನಾನು ನೋಡಿಕೊಳ್ಳುವ ಇನ್ನೊಂದು ಕೊಳ ಇದೆ, ಒಂದು ಬೇಕರಿಯವರ ಮನೆಯದು, ನಾಲ್ಕು ವರ್ಷದ ಹಳೆಯ ಫಿಲ್ಟರು. ಅದರ ಸ್ಪಂಜು ತಂದು ಇಲ್ಲಿ ಹಾಕಿದರೆ ಬ್ಯಾಕ್ಟೀರಿಯಾದ ಹೆಪ್ಪು ಹಾಕಿದ ಹಾಗೆ. ಹೋಗುವ ಮುಂಚೆ ಒಂದು ಸಾವಿರ ಲೀಟರಿನ ಕಪ್ಪು ಟಬ್ಬನ್ನು ಹಿತ್ತಲ ನೆರಳಿಗೆ ಉರುಳಿಸಿ ಇಟ್ಟೆ. ತೀರಾ ಸೋತ ಎರಡು ಮೀನನ್ನು ಬೇರೆ ಇಡುವ ಯೋಚನೆ. ಕೊಳದ ಹತ್ತಿರ ಬರಬೇಡಿ ಎಂದಿದ್ದವನು ಈಗ ಅಡುಗೆಮನೆಯ ಬಾಗಿಲಿಗೆ ಹೋಗಿ, ಕೊಳದ ಪಕ್ಕದ ನಲ್ಲಿಗೆ ಪೈಪು ಹಾಕಿ ಟಬ್ಬನ್ನು ಅರ್ಧಕ್ಕೆ ತುಂಬಿಸಿಡಿ ಅಕ್ಕ ಎಂದೆ. ಅವರು ಹ್ಞೂಂ ಎಂದರು.

ಕುಣಿಗಲ್ಲಿನಿಂದ ಹೆಬ್ಬೂರು, ತುಮಕೂರು ಹಾದು ಗುಬ್ಬಿಗೆ ವಾಪಸು ಬರುವ ದಾರಿಯುದ್ದಕ್ಕೂ ಆ ಸ್ಪಂಜಿನ ಡ್ರಮ್ಮಿಗೆ ಬ್ಯಾಟರಿ ಪಂಪಿನಿಂದ ಗಾಳಿ ಕೊಡುತ್ತಾ ಬಂದೆ. ಗಾಳಿ ನಿಂತರೆ ಎರಡು ಗಂಟೆಯಲ್ಲಿ ಬ್ಯಾಕ್ಟೀರಿಯಾ ಸಾಯಲು ಶುರು. ತುಮಕೂರಿನ ಸಿಗ್ನಲ್ಲಿನಲ್ಲಿ ನಿಂತಾಗಲೂ ಹಿಂದೆ ತಿರುಗಿ ಗುಳ್ಳೆ ಬರುತ್ತಿದೆಯಾ ಎಂದು ನೋಡುತ್ತಿದ್ದೆ. ಮೂರು ಗಂಟೆಗೆ ತಲುಪಿದಾಗ ಟಬ್ಬು ಅರ್ಧ ತುಂಬಿತ್ತು. ಎರಡು ಮೀನನ್ನು ಒದ್ದೆ ಬಟ್ಟೆಯಲ್ಲಿ ಎತ್ತಿ ಅದರಲ್ಲಿ ಬಿಟ್ಟೆ, ಸ್ಪಂಜನ್ನು ಫಿಲ್ಟರಿಗೆ ಸೇರಿಸಿದೆ. ನಾಳೆ ಬೆಳಿಗ್ಗೆ ಟಬ್ಬಿನ ನೀರು ಕಾಲು ಭಾಗ ಬದಲಾಯಿಸಿ ಎಂದು ಅಕ್ಕನಿಗೆ ಹೇಳಿದೆ.

ಶುಕ್ರವಾರ ಕೊಳದಲ್ಲಿ ಒಂದು ಮೀನು ಸತ್ತಿತ್ತು. ಕಪ್ಪು ಕಿತ್ತಳೆ ಬಣ್ಣದ್ದು, ಮೊಣಕೈ ಉದ್ದ. ಪರೀಕ್ಷೆಯ ನಳಿಗೆ ಕಡು ಹಸಿರಾಗಿತ್ತು. ಹನ್ನೆರಡು ವರ್ಷದಲ್ಲಿ ಕಲಿತದ್ದೆಲ್ಲವನ್ನೂ ಮಾಡಿ ಮುಗಿಸಿದ್ದೆ. ಮತ್ತೆ ಕಾಲು ಭಾಗ ನೀರು ಬದಲಾಯಿಸಿದೆ, ಬೇರೆ ಏನು ಮಾಡಬೇಕು ಎಂದು ತೋಚಲಿಲ್ಲ. ಎಲ್ಲಾದರೂ ಇಲಿ ಗಿಲಿ ಸತ್ತು ಪೈಪಿನಲ್ಲಿ ಕೊಳೆಯುತ್ತಿದೆಯೇ ಎಂದು ಕೊಳದ ತಳದವರೆಗೆ ಕೈ ಹಾಕಿ ತಡಕಿದೆ. ಸಿಕ್ಕಿದ್ದು ಒಂದು ತೆಂಗಿನ ಹೊಂಬಾಳೆಯ ಚೂರು.

ವಕೀಲರು ಮಧ್ಯಾಹ್ನ ಫೋನು ಮಾಡಿದರು. ಎರಡನೆಯದೂ ಹೋಯಿತೇ ಎಂದು ಕೇಳಿ, ಸ್ಪೀಕರ್ ಹಾಕಿ ಆಕೆಗೆ ಕೊಡಿ ಎಂದರು.

"ನೋಡಮ್ಮ, ಹೇಳಿದ ಮಾತು ಕೇಳದೆ ಇರೋರನ್ನ ನಾನು ಇಟ್ಕೊಳಕ್ಕಾಗಲ್ಲ. ಭಾನುವಾರ ಬರ್ತೀನಿ, ಬೀಗದ ಕೈ ಕೊಟ್ಬಿಡು. ಸೋಮವಾರದಿಂದ ಬರೋದು ಬೇಡ."

ಆಕೆ ಆಗಲಿ ಸಾ ಎಂದಷ್ಟೇ ಹೇಳಿ ಫೋನು ನನ್ನ ಕೈಗೆ ಕೊಟ್ಟು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದರು. ಹಿಂದಿನಿಂದ ನೋಡಿದರೆ ಅವರು ಒಗೆಯುತ್ತಿರಲಿಲ್ಲ, ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದರು. ಒಂಬತ್ತು ವರ್ಷದಿಂದ ಆ ಮನೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಮುದ್ದೆ ಹಾಕಿದವರ ಮೇಲೆ ನನಗೆ ಇನ್ನೂ ಸಿಟ್ಟಿತ್ತು, ಆದರೆ ಒಳಗೆ ಒಂದು ಮುಳ್ಳೂ ಆಡುತ್ತಿತ್ತು. ಎರಡು ಚೂರು ಮುದ್ದೆ ಹದಿನಾಲ್ಕು ಸಾವಿರ ಲೀಟರನ್ನು ಐದು ದಿನ ಹೀಗೆ ಕಾಡುತ್ತದೆಯೇ? ಆ ಪ್ರಶ್ನೆಯನ್ನು ಅಂದು ಜಾಸ್ತಿ ಹೊತ್ತು ಇಟ್ಟುಕೊಳ್ಳದೆ ವ್ಯಾನು ಹತ್ತಿದೆ.

ಶನಿವಾರ ಬೆಳಿಗ್ಗೆ ಹಳದಿ ಮೀನು ಸತ್ತಿತ್ತು. ಕೊಳದಲ್ಲಿ ಉಳಿದದ್ದು ಆರು, ಅದರಲ್ಲಿ ಎರಡು ವಾಲಿಕೊಂಡು ಈಜುತ್ತಿದ್ದವು. ಸಾಯುವ ಸಾಲಿನಲ್ಲಿ ಮೊದಲು ನಿಂತಿದ್ದ ಟಬ್ಬಿನ ಎರಡೂ ಸತ್ತಿರುತ್ತವೆ ಎಂದುಕೊಂಡು ಹೋಗಿ ಬಗ್ಗಿ ನೋಡಿದೆ. ಎರಡೂ ನೆಟ್ಟಗೆ ನಿಂತಿದ್ದವು. ರೆಕ್ಕೆ ಬಿಚ್ಚಿಕೊಂಡಿದ್ದವು. ನನ್ನ ನೆರಳು ಬಿದ್ದ ಕೂಡಲೇ ಮೇಲಕ್ಕೆ ಬಂದು ತಿಂಡಿಗೆ ಬಾಯಿ ತೆರೆದವು.

ನನಗೆ ಖುಷಿಯಾಗಬೇಕಿತ್ತು, ಆದದ್ದು ಭಯ. ಟಬ್ಬಿಗೆ ಫಿಲ್ಟರೇ ಇರಲಿಲ್ಲ. ಎರಡು ದೊಡ್ಡ ಮೀನು ಐನೂರು ಲೀಟರ್ ನೀರಿನಲ್ಲಿ ಎರಡು ದಿನ ಇದ್ದರೆ ಅಮೋನಿಯಾ ಅಲ್ಲಿ ಕೊಳಕ್ಕಿಂತ ಹೆಚ್ಚಿರಬೇಕು. ನಳಿಗೆಗೆ ನೀರು ತುಂಬಿ ಹನಿ ಹಾಕಿ, ಐದು ನಿಮಿಷ ಗಡಿಯಾರ ನೋಡುತ್ತಾ ಕುಕ್ಕರಗಾಲಿನಲ್ಲಿ ಕೂತೆ. ತಿಳಿ ಹಸಿರು ಸೋಕಿದ ಹಳದಿ ಬಂತು. ಗಾಳಿ ಒಂದೇ, ಬಿಸಿಲು ಒಂದೇ, ನೀರೂ ಒಂದೇ ನಲ್ಲಿಯದು. ಹಾಗಂತ ನಾನು ತಿಳಿದಿದ್ದೆ.

ಅಕ್ಕ ಅಡುಗೆಮನೆಯ ಮುಂದೆ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು, ಹೊರಡುವ ಮುಂಚೆ ಎಲ್ಲ ತೊಳೆದಿಡುವವರ ಹಾಗೆ. ಟಬ್ಬಿಗೆ ಯಾವ ನೀರು ಹಾಕಿದಿರಿ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಬಯ್ಯಬೇಡಿ ಅಣ್ಣ. ನೀವ್ ಹೇಳಿದ್ ನಲ್ಲೀದ್ ಹಾಕ್ನಿಲ್ಲ. ಮನೆ ಸಂಪಿಂದ ಬಿಂದಿಗೇಲಿ ಹೊತ್ ಹುಯ್ದೆ."

ಐನೂರು ಲೀಟರ್. ಬಿಂದಿಗೆಗೆ ಹತ್ತು ಹನ್ನೆರಡು ಲೀಟರಿನ ಲೆಕ್ಕದಲ್ಲಿ ನಲವತ್ತಕ್ಕೂ ಹೆಚ್ಚು ಸಲ ಆ ಹಿತ್ತಲನ್ನು ಹಾದಿದ್ದರು, ನಾನು ಹೆಬ್ಬೂರಿನ ದಾರಿಯಲ್ಲಿ ಗುಳ್ಳೆ ಎಣಿಸುತ್ತಿದ್ದಾಗ. ಯಾಕೆ ಎಂದೆ.

"ಆ ನಲ್ಲೀದು ಗೊಬ್ಬರದ ನೀರಲ್ವಾ? ಮರಕ್ಕೆ ಬುಡೋದು. ಅದ್ರಲ್ಲಿ ನಾವ್ ಪಾತ್ರೆ ಕೂಡ ಬೆಳಗಲ್ಲ. ಉಸ್ರು ಹೋಗೋ ಮೀನಿಗೆ ಅದನ್ನ ಹುಯ್ಯಕ್ಕೆ ಕೈ ಬರ್ನಿಲ್ಲ."

ಅವರು ಇನ್ನೂ ಏನೋ ಹೇಳುತ್ತಿದ್ದರು, ನಾನು ಅಷ್ಟರಲ್ಲಿ ಮೋಟಾರು ಮನೆಯ ಕಡೆ ಓಡುತ್ತಿದ್ದೆ. ಮೋಟಾರು ಮನೆಯ ಹಿಂಭಾಗಕ್ಕೆ ನಾನು ಒಂದು ವರ್ಷದಿಂದ ಹೋಗಿರಲಿಲ್ಲ. ಅಲ್ಲಿ ನೀಲಿ ಡ್ರಮ್ಮು, ಅದರ ತಳದಲ್ಲಿ ಬಿಳಿ ನೀರು, ಪಕ್ಕದಲ್ಲಿ ಯೂರಿಯಾ ಚೀಲ. ಡ್ರಮ್ಮಿನಿಂದ ಹೊರಟ ಸಣ್ಣ ಕೊಳವೆ ಡ್ರಿಪ್ ಲೈನಿಗೆ ಸೇರಿತ್ತು. ಮೋಟಾರು ಓಡುವಾಗ ಲೈನಿನ ನೀರು ಡ್ರಮ್ಮಿನ ಗೊಬ್ಬರವನ್ನು ತಾನೇ ಎಳೆದುಕೊಂಡು ಮರಗಳ ಬುಡಕ್ಕೆ ಒಯ್ಯುತ್ತದೆ. ಹಿಂದೆಯೇ ಬಂದ ಅಕ್ಕ ಹೇಳಿದ ಪ್ರಕಾರ, ತೆಂಗಿನ ಮರ ನೋಡಿಕೊಳ್ಳುವ ಆಳು ಬೆಳಿಗ್ಗೆ ಮೂರು ಫೇಸ್ ಕರೆಂಟು ಬರುವ ಹೊತ್ತಿಗೆ ಬಂದು ಯೂರಿಯಾ ಕರಗಿಸಿ ಹೋಗುತ್ತಿದ್ದನಂತೆ. ಹೋದ ವಾರದಿಂದ ದಿನಾ. ನಾನು ಒಂಬತ್ತಕ್ಕೆ ಬರುವಷ್ಟರಲ್ಲಿ ಅವನು ಹೋಗಿರುತ್ತಿದ್ದ.

ಆ ಡ್ರಿಪ್ ಲೈನಿನಿಂದ ಕೊಳಕ್ಕೆ ಪೈಪು ಕೊಟ್ಟವನು ನಾನು. ಹೋದ ಬೇಸಿಗೆಯಲ್ಲಿ ಕೊಳದ ನೀರು ಆರಿಹೋಗುತ್ತಿದೆ, ತಾನೇ ತುಂಬುವ ಹಾಗೆ ಮಾಡಿ ಎಂದು ವಕೀಲರು ಕೇಳಿದ್ದರು. ಬೋರ್‌ವೆಲ್ಲಿನ ಮುಖ್ಯ ಪೈಪು ಅರವತ್ತು ಅಡಿ ದೂರ, ನಡುವೆ ಗಟ್ಟಿ ನೆಲ. ಡ್ರಿಪ್ ಲೈನು ಕೊಳದ ಹಿಂದೆಯೇ ಹಾದುಹೋಗಿತ್ತು. ಆಗ ಅದರಲ್ಲಿ ಬರೀ ನೀರು ಬರುತ್ತಿತ್ತು, ಮರಗಳಿಗೆ ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದರು. ಒಂದು ಗಂಟೆಯಲ್ಲಿ ಆ ಲೈನಿಗೆ ಕವಲೊಡೆಯುವ ಟೀ ಜಾಯಿಂಟ್ ಹಾಕಿ, ಒಂದು ಕವಲಿಗೆ ನಲ್ಲಿ, ಇನ್ನೊಂದಕ್ಕೆ ತೇಲುವ ವಾಲ್ವು ಕೂರಿಸಿ, ಮಣ್ಣು ಮುಚ್ಚಿ ಬಂದಿದ್ದೆ. ಅಗೆಯುವ ಸೋಮಾರಿತನಕ್ಕೆ ಜಾಣತನ ಎಂದು ಹೆಸರು ಕೊಟ್ಟುಕೊಂಡಿದ್ದೆ.

ನಲ್ಲಿಯ ನೀರು ಹಳದಿ ತೋರಿಸಿದ್ದು ಯಾಕೆ ಎಂದು ಅಲ್ಲೇ ನಿಂತು ಅರ್ಥವಾಯಿತು. ನನ್ನ ಕಿಟ್ಟು ಅಮೋನಿಯಾವನ್ನು ಮಾತ್ರ ತೋರಿಸುತ್ತದೆ, ಯೂರಿಯಾವನ್ನು ತೋರಿಸುವುದಿಲ್ಲ. ಯೂರಿಯಾ ಕೊಳಕ್ಕೆ ಬಂದ ಮೇಲೆ, ಒಂದೆರಡು ದಿನದಲ್ಲಿ, ಬ್ಯಾಕ್ಟೀರಿಯಾದ ಕೈಯಲ್ಲೇ ಅಮೋನಿಯಾ ಆಗುತ್ತದೆ. ಕುಣಿಗಲ್ಲಿನಿಂದ ಅಷ್ಟು ಜೋಪಾನವಾಗಿ ತಂದ ಸ್ಪಂಜು ಆ ಕೆಲಸಕ್ಕೆ ನೆರವಾಗಿರಲೂಬಹುದು. ಔಷಧಿ ಎಂದು ನಾನು ಬಿಟ್ಟ ಹೊಸ ನೀರೇ ವಿಷ. ಮೂರು ಮೀನು ಸತ್ತಿದ್ದವು, ಅದರಲ್ಲಿ ಎರಡನ್ನು ನಾನು ಕೈಯಾರೆ ಕೊಂದಿದ್ದೆ. ಮತ್ತು ಒಬ್ಬ ಹೆಂಗಸಿನ ಕೆಲಸ ಕಳೆದಿದ್ದೆ.

ಗಂಟೆ ಒಂಬತ್ತೂ ಮುಕ್ಕಾಲು. ಮೂರು ಫೇಸ್ ಕರೆಂಟು ಇರುವುದು ಮಧ್ಯಾಹ್ನ ಒಂದರವರೆಗೆ. ಅದು ಹೋದರೆ ಬೋರ್‌ವೆಲ್ ಮೋಟಾರು ಓಡುವುದಿಲ್ಲ. ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ವಾಲ್ವು ಮುಚ್ಚಿ ಸ್ವಲ್ಪ ಸ್ವಲ್ಪವೇ ನೀರು ಬದಲಾಯಿಸುವುದು. ಅದು ಮೀನಿಗೆ ಹಿತ, ಆದರೆ ಕೊಳದಲ್ಲಿ ಇನ್ನೂ ಕರಗಿಕೊಂಡಿರುವ ಯೂರಿಯಾ ನಾಳೆಗೂ ನಾಡಿದ್ದಿಗೂ ಅಮೋನಿಯಾ ಆಗುತ್ತಲೇ ಇರುತ್ತದೆ. ಇನ್ನೊಂದು, ಎಲ್ಲ ಮೀನನ್ನೂ ಎತ್ತಿ ಟಬ್ಬಿಗೆ ಹಾಕಿ ಕೊಳವನ್ನು ಪೂರ್ತಿ ಬರಿದು ಮಾಡಿ ಬೋರ್‌ವೆಲ್ಲಿನಿಂದ ನೇರ ತುಂಬಿಸುವುದು. ಎಂಟು ದೊಡ್ಡ ಮೀನು ಒಂದು ಟಬ್ಬಿನಲ್ಲಿ ಮೂರು ಗಂಟೆ. ಗಾಳಿ ಪಂಪು ನಿಂತರೆ ಅಥವಾ ಕರೆಂಟು ಬೇಗ ಹೋದರೆ ಎಂಟೂ ಹೋಗುತ್ತವೆ, ಚೇತರಿಸಿಕೊಂಡಿದ್ದ ಎರಡೂ ಸೇರಿ. ಯಾವ ಗ್ರಾಹಕರಿಗೂ ನಾನು ಕೊಡದ ಸಲಹೆ ಅದು.

ಬರಿದು ಮಾಡುವುದು ಎಂದು ತೀರ್ಮಾನಿಸಿದೆ. ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ.

"ಅಕ್ಕಾ, ಕೊಳದ ಹತ್ರ ಬನ್ನಿ" ಎಂದೆ. "ತಪ್ಪು ನಿಮ್ದಲ್ಲ. ಪೈಪು ನಂದು. ಆಮೇಲೆ ಹೇಳ್ತೀನಿ, ಈಗ ಕೈ ಕೊಡಿ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಸಂಪಿನಿಂದ ಬಿಂದಿಗೆಯಲ್ಲಿ ತಂದು ಟಬ್ಬನ್ನು ತುಂಬಿಸತೊಡಗಿದರು. ನಾನು ತೇಲುವ ವಾಲ್ವಿನ ಪೈಪನ್ನು ಕತ್ತರಿಸಿ ಮುಚ್ಚಳ ಹೊಡೆದೆ. ಕೊಳದ ತಳದ ವಾಲ್ವು ತೆರೆದೆ, ಮೇಲಿಂದ ಇನ್ನೊಂದು ಪಂಪೂ ಇಳಿಸಿದೆ. ಆರು ಮೀನನ್ನು ಒಂದೊಂದಾಗಿ ಎತ್ತಿದೆವು. ಸೋತ ಮೀನು ಬಲೆಯಲ್ಲಿ ಒದ್ದಾಡುವುದಿಲ್ಲ, ಸುಮ್ಮನೆ ಒರಗುತ್ತದೆ, ಅದು ನೋಡಲು ಇನ್ನೂ ಕಷ್ಟ. ಫಿಲ್ಟರಿನ ಡ್ರಮ್ಮುಗಳನ್ನೂ ಖಾಲಿ ಮಾಡಿ ಸ್ಪಂಜನ್ನು ಬಕೆಟ್ಟಿನಲ್ಲಿ ಸಂಪಿನ ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟೆ. ಹನ್ನೊಂದಕ್ಕೆ ಕೊಳದ ತಳ ಕಾಣಿಸಿತು.

ಬೋರ್‌ವೆಲ್ಲಿನ ಮುಖ್ಯ ಪೈಪಿನ ಬಾಯಿ ಬಿಚ್ಚಿ, ಎರಡಿಂಚಿನ ಮಡಚುವ ಪೈಪು ಜೋಡಿಸಿ ಎಳೆದು ತಂದೆವು. ಆಳದಿಂದ ಬಂದ ನೀರಿನಲ್ಲಿ ಉಸಿರು ಕಡಿಮೆ. ಗಾಳಿಯಲ್ಲಿ ಒಡೆದು ಬಿದ್ದರೆ ಮಾತ್ರ ಮೀನಿಗೆ ದಕ್ಕುತ್ತದೆ. ಅಕ್ಕ ರಾಗಿ ಜರಡಿ ತಂದು ಪೈಪಿನ ಬಾಯಿಗೆ ಒಡ್ಡಿ ಹಿಡಿದರು. ನೀರು ನೂರು ಎಳೆಯಾಗಿ ಬಿತ್ತು. ಅದರ ರಭಸ ಜರಡಿಯನ್ನು ಕೆಳಕ್ಕೆ ಒತ್ತುತ್ತಿತ್ತು. ಹತ್ತು ನಿಮಿಷ ಅವರು, ಹತ್ತು ನಿಮಿಷ ನಾನು ಎಂದು ಬದಲಾಯಿಸಿಕೊಂಡೆವು. ನಾನು ಟಬ್ಬಿನ ಕಡೆ ನೋಡುವುದು, ಕೊಳದ ಕಡೆ ನೋಡುವುದು, ಸ್ಟಾರ್ಟರಿನ ಕೆಂಪು ದೀಪದ ಕಡೆ ನೋಡುವುದು.

ಹನ್ನೆರಡೂ ಇಪ್ಪತ್ತಕ್ಕೆ ಮೋಟಾರಿನ ಸದ್ದು ನಿಂತಿತು. ಒಂದು ಗಂಟೆಯವರೆಗೆ ಇರಬೇಕಾದ ಕರೆಂಟು ನಲವತ್ತು ನಿಮಿಷ ಮುಂಚೆ ಹೋಗಿತ್ತು. ಗಾಳಿ ಪಂಪುಗಳೂ ನಿಂತವು. ಕೊಳದಲ್ಲಿ ನೀರು ನನ್ನ ಮೊಣಕಾಲಿನಿಂದ ಒಂದು ಗೇಣು ಮೇಲೆ ಬಂದಿತ್ತು. ಟಬ್ಬಿನಲ್ಲಿ ಎಂಟು ಬಾಯಿಗಳು ಮೇಲೆ ಬರತೊಡಗಿದವು.

ಕುಣಿಗಲ್ಲಿನ ದಾರಿಗೆ ಬಳಸಿದ ಬ್ಯಾಟರಿ ಪಂಪು ವ್ಯಾನಿನಲ್ಲಿತ್ತು. ಅದನ್ನು ಟಬ್ಬಿಗೆ ಹಾಕಿದರೆ ಎಂಟು ಮೀನಿಗೆ ಸಾಲದು. ಹೊಸ ನೀರಿಗೆ ಈಗಲೇ ಬಿಟ್ಟರೆ ತಣ್ಣಗಿನ ನೀರಿನ ಏಟು. ನಾನು ಎರಡು ನಿಮಿಷ ಸುಮ್ಮನೆ ನಿಂತೆ. ಆಮೇಲೆ ಇಬ್ಬರೂ ಕೊಳದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಟಬ್ಬಿಗೆ ಮೇಲಿನಿಂದ ಸುರಿಯತೊಡಗಿದೆವು, ಟಬ್ಬು ಉಕ್ಕಿ ಹರಿಯಲಿ ಎಂದು ಬಿಟ್ಟೆವು. ಸುರಿದಷ್ಟೂ ಗಾಳಿ ಸೇರುತ್ತದೆ, ನೀರಿನ ಬಿಸಿಯೂ ಹೊಂದಿಕೊಳ್ಳುತ್ತದೆ. ಅರ್ಧ ಗಂಟೆ ಹಾಗೆ ಸುರಿದು, ಕೈ ಹಾಕಿದರೆ ಎರಡೂ ಕಡೆ ಒಂದೇ ತಂಪು ಅನ್ನಿಸಿದಾಗ, ಎಂಟನ್ನೂ ಕೊಳಕ್ಕೆ ಬಿಟ್ಟೆವು. ಬ್ಯಾಟರಿ ಪಂಪು ಕೊಳಕ್ಕೆ ಹೋಯಿತು. ಸೋತವೆರಡು ತಳದಲ್ಲಿ ಕೂತವು, ಉಳಿದವು ನಿಧಾನಕ್ಕೆ ಒಂದು ಸುತ್ತು ಬಂದವು. ಮೂರು ಗಂಟೆಗೆ ಮನೆಯ ಕರೆಂಟು ವಾಪಸು ಬಂತು.

ಹೊರಡುವ ಮುಂಚೆ ಆ ನಲ್ಲಿಯ ಪೈಪಿನಲ್ಲಿ ಉಳಿದಿದ್ದ ನೀರನ್ನು ಒಂದು ಬಾಟಲಿಗೆ ಹಿಡಿದು, ಫಿಲ್ಟರಿನ ಸ್ಪಂಜು ಒಂದಿಷ್ಟು ಹಿಂಡಿ ಹಾಕಿ, ವ್ಯಾನಿನಲ್ಲಿ ಇಟ್ಟುಕೊಂಡೆ. ನನ್ನ ಅನುಮಾನ ಸರಿಯಾದರೆ ನಾಳೆಗೆ ಅದು ಹಸಿರು ತೋರಿಸಬೇಕು. ನಿಜ ಹೇಳಬೇಕೆಂದರೆ, ತೋರಿಸದೆ ಇರಲಿ ಎಂದೂ ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ಕೊಳದ ನೀರು ಹಳದಿ, ಬಾಟಲಿಯ ನೀರು ಹಸಿರು. ಎಂಟು ಮೀನೂ ಬದುಕಿದ್ದವು. ವಕೀಲರು ಕಾರಿನಿಂದ ಇಳಿದವರೇ ಹಿತ್ತಲಿಗೆ ಬಂದು, ಮೀನುಗಳು ಓಡಾಡುವುದನ್ನು ನೋಡಿ ನನ್ನ ಭುಜ ತಟ್ಟಿದರು. ನೀವು ಇಲ್ಲದಿದ್ದರೆ ಎಲ್ಲವೂ ಹೋಗುತ್ತಿದ್ದವು ಎಂದರು. ಅಕ್ಕ ಜಗಲಿಯ ಕಂಬದ ಹತ್ತಿರ ಬೀಗದ ಕೈಯ ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಹಿಂದಿನ ದಿನ ನಾನು ಹೇಳಿದ ಮಾತನ್ನು ಇವರ ಮುಂದೆ ಹೇಳುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದರೋ ಏನೋ, ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ.

ಭುಜ ತಟ್ಟಿಸಿಕೊಂಡ ಮೇಲೆ ಹೇಳುವುದು ಬಹಳ ಕಷ್ಟ. ಆದರೂ ಆಕೆ ನಿಂತಿದ್ದ ಜಗಲಿಯ ಮುಂದೆಯೇ ವಕೀಲರನ್ನು ಕರೆದುಕೊಂಡು ಹೋಗಿ, ಎರಡು ನಳಿಗೆ ಅಕ್ಕಪಕ್ಕ ಹಿಡಿದು, ಪೈಪಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಅರವತ್ತು ಅಡಿ ಅಗೆಯಲು ಬೇಸರಪಟ್ಟದ್ದನ್ನೂ ಹೇಳಿದೆ. ಮುದ್ದೆಯಿಂದ ಏನೂ ಆಗಿಲ್ಲ ಸಾರ್, ಮೀನು ಉಳಿದದ್ದು ಇವರು ನನ್ನ ಮಾತು ಕೇಳದೆ ಇದ್ದುದರಿಂದ ಎಂದೆ.

ವಕೀಲರು ಆ ಹಸಿರು ನಳಿಗೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಆಕೆಯ ಕಡೆ ತಿರುಗಿದರು.

"ಗೊಬ್ಬರದ ನೀರು ಅಂತ ನಿಂಗೆ ಗೊತ್ತಿತ್ತಲ್ಲ, ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

"ಕೊಳಕ್ಕೂ ಅದೇ ಹೋಯ್ತದೆ ಅಂತ ನಂಗೆ ಗೊತ್ತಿರ್ನಿಲ್ಲ ಸಾ, ಪೈಪು ಮಣ್ಣೊಳಗವೆ" ಎಂದರು. ಆಮೇಲೆ ನನ್ನ ಕಡೆ ನೋಡಿ, ಸಿಟ್ಟಿಲ್ಲದೆ ಹೇಳಿದರು. "ಅಣ್ಣ ಬಂದ್ ದಿನ ಎಷ್ಟು ಹಾಕ್ದೆ ಅಂತ ಕೇಳುದ್ರು. ಬ್ಯಾರೆ ಏನೂ ಕೇಳ್ನಿಲ್ಲ."

ಬೀಗದ ಕೈ ನಿನ್ನ ಹತ್ತಿರವೇ ಇರಲಿ ಎಂದು ವಕೀಲರು ಆಕೆಗೆ ಹೇಳಿದರು. ನನಗೆ, ಪೈಪು ಸರಿಯಾಗಿ ಹಾಕಿಕೊಟ್ಟು ಹೋಗಿ, ಮುಂದಿನ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ದನಿ ಏರಿಸಲಿಲ್ಲ. ನ್ಯಾಯವಾಗಿಯೇ ಇತ್ತು, ಆದರೂ ನಾನು ಕಟ್ಟಿದ ಮೊದಲ ದೊಡ್ಡ ಕೊಳ ಅದು.

ಅರವತ್ತು ಅಡಿ ಅಗೆಯಲು ಎರಡು ದಿನ ಹಿಡಿಯಿತು. ಮಂಗಳವಾರ ಸಂಜೆ ಹೊಸ ಪೈಪಿಗೆ ನೀರು ಬಿಟ್ಟು, ನೀರು ಹಿಡಿದು ಒಂದು ದಿನ ಇಟ್ಟು ನೋಡಿ ಎಂದು ಅಕ್ಕನಿಗೆ ಪರೀಕ್ಷೆಯ ಕಿಟ್ಟನ್ನು ಕೊಟ್ಟೆ. ಹನಿ ಹಾಕುವುದು, ಕಾಯುವುದು, ಬಣ್ಣ ಹೋಲಿಸುವುದು ಎಲ್ಲವನ್ನೂ ಒಂದೇ ಸಲಕ್ಕೆ ಕಲಿತರು. ಮೀನುಗಳು ಆರು ದಿನದಿಂದ ಉಪವಾಸ. ಇನ್ನು ತಿಂಡಿ ಶುರು ಮಾಡಬಹುದು ಎಂದೆ. ಅವರು ಡಬ್ಬಿಯ ಮುಚ್ಚಳ ತೆರೆದು, ಕೈ ಒಳಗೆ ಹಾಕಿ, ಹಾಗೆಯೇ ನಿಲ್ಲಿಸಿದರು.

"ಎಷ್ಟು ಹಾಕ್ಲಿ ಅಣ್ಣ?"

ಮೀನುಗಳು ಆಗಲೇ ಅವರ ಕಾಲ ಬಳಿ ಬಂದು ನಿಂತಿದ್ದವು.

"ನೀವು ಹಾಕ್ತಿದ್ದಷ್ಟೇ ಹಾಕಿ ಅಕ್ಕ" ಎಂದೆ.